ಸಿಕಲ್ ಸೆಲ್ ಇರುವ ಪುಟ್ಟ ಮಗುವಿನ ಮಿದುಳನ್ನು ಕಾಪಾಡುವುದು ಹೇಗೆ?

ನಿಮ್ಮ ಮಗುವಿಗೆ ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇದ್ದು ಎರಡು ವರ್ಷ ತುಂಬಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಈ ಒಂದು ಮಾತು ಕೇಳಿ: "ಟಿಸಿಡಿ ಯಾವಾಗ ಮಾಡಿಸೋಣ ಡಾಕ್ಟ್ರೇ?" ಇದು ಮಿದುಳಿನ ರಕ್ತನಾಳಗಳ ತಪಾಸಣೆ. ಅವರಾಗಿ ಹೇಳಲಿ ಅಂತ ಕಾಯಬೇಡಿ.

ಈ ಕಾಯಿಲೆಯಲ್ಲಿ ಕೈಕಾಲು ನೋವು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಿದುಳಿನ ರಕ್ತನಾಳ ಒಳಗೊಳಗೇ ಕಿರಿದಾಗುವುದು ಕಾಣುವುದಿಲ್ಲ. ಅದರಿಂದ ಎಳೆ ಮಕ್ಕಳಿಗೂ ಲಕ್ವ ಹೊಡೆಯಬಹುದು, ಮೊದಲ ಹತ್ತು ವರ್ಷದಲ್ಲೇ ಅಪಾಯ ಜಾಸ್ತಿ. ನಾಳ ಕಿರಿದಾದಷ್ಟೂ ಅಲ್ಲಿ ರಕ್ತ ಜೋರಾಗಿ ಹರಿಯುತ್ತದೆ. ಆ ವೇಗವನ್ನು ಅಳೆಯುವುದೇ ಟಿಸಿಡಿ, ಅಂದರೆ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್. ಸೂಜಿ ಇಲ್ಲ, ನೋವಿಲ್ಲ, ಕಿವಿಯ ಮುಂದೆ ಜೆಲ್ ಹಚ್ಚಿ ನೋಡುತ್ತಾರೆ ಅಷ್ಟೇ. ಮಗು ಎಚ್ಚರವಾಗಿ, ಅಳದೆ ಇರಬೇಕು, ನಿದ್ದೆ ಮಾಡಿದರೂ ಅತ್ತರೂ ಲೆಕ್ಕ ತಪ್ಪುತ್ತದೆ. ಇಷ್ಟದ ಆಟಿಕೆ ಜೊತೆಗಿರಲಿ. ಜ್ವರ ಇದ್ದರೆ ಬೇರೆ ದಿನ ಮಾಡಿಸಿ.

ವೇಗ ಸೆಕೆಂಡಿಗೆ 170 ಸೆಂ.ಮೀ. ಒಳಗಿದ್ದರೆ ಸಾಮಾನ್ಯ, ವರ್ಷಕ್ಕೊಮ್ಮೆ 16ನೇ ವಯಸ್ಸಿನ ತನಕ ನೋಡಿಸುತ್ತಾ ಇರಿ. 170ರಿಂದ 199 ಬಂದರೆ ಬೇಗನೆ ಇನ್ನೊಮ್ಮೆ. 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಚಿತ ಮಾಡಿಕೊಂಡು ಮಗುವಿಗೆ ನಿಯಮಿತವಾಗಿ ರಕ್ತ ಕೊಡಲು ಶುರು ಮಾಡುತ್ತಾರೆ. ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಸ್ಟಾಪ್ ಅಧ್ಯಯನದಲ್ಲಿ, ಹೀಗೆ ರಕ್ತ ಪಡೆದ ಮಕ್ಕಳಲ್ಲಿ ಮೊದಲ ಲಕ್ವದ ಅಪಾಯ 92 ಶೇಕಡಾ ಇಳಿಯಿತು. ಇಷ್ಟು ಗೆಲುವು ಕೊಡುವ ತಪಾಸಣೆಯನ್ನು ಕೈಬಿಡುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಚಾಮರಾಜನಗರ, ಕೊಡಗು, ಮೈಸೂರಿನ ಕಾಡಂಚಿನ ಹಾಡಿಗಳಲ್ಲಿ, ಸೋಲಿಗ, ಜೇನುಕುರುಬ, ಯರವ ಕುಟುಂಬಗಳಲ್ಲಿ ಈ ಕಾಯಿಲೆ ಇದೆ, ಆದರೆ ಹತ್ತಿರದ ಆಸ್ಪತ್ರೆಯಲ್ಲಿ ಟಿಸಿಡಿ ಸಿಗದೇ ಇರಬಹುದು. ಹಾಗಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಹೈಡ್ರಾಕ್ಸಿಯೂರಿಯಾ ಮಾತ್ರೆಯ ಬಗ್ಗೆಯೂ ಕೇಳಿ. ಒಂಬತ್ತು ತಿಂಗಳಿನಿಂದಲೇ ಕೊಡಬಹುದು, ಮಿದುಳಿನ ರಕ್ತದ ವೇಗವನ್ನೂ ಇಳಿಸುತ್ತದೆ, ಆದರೆ ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ನೋವಿಲ್ಲ ಅಂತ ಸುಮ್ನೆ ನಿಲ್ಲಿಸಬೇಡಿ, ಅದು ನೋವಿಗೆ ಮಾತ್ರ ಕೊಡುವ ಮಾತ್ರೆ ಅಲ್ಲ.

ಇನ್ನು ತುರ್ತಿನ ಮಾತು. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋದರೂ ಹೋಗಲೇಬೇಕು. ಬಾಯಿಗೆ ನೀರು, ಊಟ, ಮಾತ್ರೆ ಏನೂ ಹಾಕಬೇಡಿ. ಆಸ್ಪತ್ರೆಯ ಬಾಗಿಲಲ್ಲೇ "ಮಗುವಿಗೆ ಸಿಕಲ್ ಸೆಲ್ ಇದೆ" ಅಂತ ಹೇಳಿ, ಯಾಕಂದ್ರೆ ಇಲ್ಲಿ ಚಿಕಿತ್ಸೆ ದೊಡ್ಡವರ ಲಕ್ವದಂತಲ್ಲ, ಬೇಗ ರಕ್ತ ಬದಲಿಸಬೇಕಾಗುತ್ತದೆ.

ಯಾವ ಲಕ್ಷಣವೂ ಇಲ್ಲದೆ ಮಿದುಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದೂ ಉಂಟು. ಇದು ಟಿಸಿಡಿಯಲ್ಲಿ ಸಿಗುವುದಿಲ್ಲ, ಎಂಆರ್‌ಐಯಲ್ಲಿ ಮಾತ್ರ ಕಾಣುತ್ತದೆ. ಮಗು ಮರೆಯುತ್ತದೆ, ಪಾಠದಲ್ಲಿ ಹಿಂದೆ ಬೀಳುತ್ತದೆ, ಮನೆಯವರು ಸೋಮಾರಿ ಅಂತ ಬೈಯುತ್ತಾರೆ. ಬೈಯಬೇಡಿ. ಡಾಕ್ಟರಿಗೆ ಹೇಳಿ, ಶಾಲೆ ಸೇರುವ ಹೊತ್ತಿಗೆ ಒಂದು ಎಂಆರ್‌ಐ ಬೇಕೇ ಅಂತ ಕೇಳಿ. ರಾತ್ರಿ ಜೋರಾಗಿ ಗೊರಕೆ ಹೊಡೆದರೆ ಅದನ್ನೂ ಹೇಳಿ, ನಿದ್ದೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರಬಹುದು. ಟೀಚರ್‌ಗೂ ಕಾಯಿಲೆಯ ವಿಷಯ ತಿಳಿಸಿ. ಲಕ್ವದ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ನಂಬರ್ ಜೊತೆ ಅವರ ಕೈಗೆ ಕೊಡಿ.