ನಿಮ್ಮ ನಂಬರ್ ಎಷ್ಟಿತ್ತು?

ಡ್ರಾಫ್ಟ್ ಅಂದ ತಕ್ಷಣ ನಮ್ಮಪ್ಪ "ಯಾವ ಬ್ಯಾಂಕಿಂದು?" ಅಂತ ಕೇಳಿದರು. ಅವರ ತಪ್ಪಲ್ಲ. ಕಾಲೇಜು ಫೀಸಿಗೆ, ಕೆಲಸದ ಅರ್ಜಿಗೆ ಡಿಡಿ ತೆಗೆಸಲು ಕ್ಯೂ ನಿಂತವರಿಗೆ ಡ್ರಾಫ್ಟ್ ಅಂದ್ರೆ ಅದೊಂದೇ. ಆದರೆ ಅಮೆರಿಕದಲ್ಲಿ ಡ್ರಾಫ್ಟ್ ಅಂದರೆ ಸರ್ಕಾರ ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಕರೆಸಿಕೊಳ್ಳುವುದು. ಅಲ್ಲಿ ಎಪ್ಪತ್ತೈದು ದಾಟಿದ ಗಂಡಸೊಬ್ಬರ ಮುಂದೆ ಆ ಪದ ಹೇಳಿ ನೋಡಿ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಮಾತು ಶುರು ಮಾಡುತ್ತಾರೆ. ಇಲ್ಲವೇ ಎದ್ದು ಹೋಗುತ್ತಾರೆ.

ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರು ಮಂಡ್ಯದ ಕಡೆ. ಕೆಲವು ವರ್ಷಗಳಿಂದ ಬಿಡುವಾದ ಶನಿವಾರಗಳಲ್ಲಿ ವಿಯೆಟ್ನಾಂ ಕಾಲದ ಹಳೆಯ ಸೈನಿಕರ ಮನೆಗೆ ಹೋಗಿ ಅವರ ಮಾತು ರೆಕಾರ್ಡ್ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಮಿಲಿಟರಿಗೆ ಹೋದವರು ಯಾರೂ ಇಲ್ಲ. ಹಾಗಾಗಿ "ನಿನಗ್ಯಾಕೆ ಇದೆಲ್ಲ?" ಅಂತ ಕೇಳುವವರು ಜಾಸ್ತಿ.

ಶುರುವಾಗಿದ್ದು ಹೋಮ್‌ಡೆಲ್‌ನಲ್ಲಿ. ಗಾರ್ಡನ್ ಸ್ಟೇಟ್ ಪಾರ್ಕ್‌ವೇಯ ಪಕ್ಕದಲ್ಲೇ ನ್ಯೂಜೆರ್ಸಿಯ ವಿಯೆಟ್ನಾಂ ಸ್ಮಾರಕ ಇದೆ. ಮಕ್ಕಳನ್ನು ಸುಮ್ನೆ ಸುತ್ತಾಡಿಸೋಣ ಅಂತ ಹೋಗಿದ್ದೆ. ದುಂಡಗೆ ನಿಲ್ಲಿಸಿದ ಕಪ್ಪು ಗ್ರಾನೈಟ್ ಫಲಕಗಳು. ಒಟ್ಟು 366. ವರ್ಷದ ಒಂದೊಂದು ದಿನಕ್ಕೆ ಒಂದು, ಫೆಬ್ರವರಿ 29ಕ್ಕೂ ಒಂದು. ಯಾವ ತಾರೀಕು ಸತ್ತರೋ ಆ ತಾರೀಕಿನ ಫಲಕದ ಮೇಲೆ ಹೆಸರು. ಈ ಒಂದು ರಾಜ್ಯದವರೇ 1,500ಕ್ಕೂ ಜಾಸ್ತಿ. ನಡುವೆ ಒಂದು ಕೆಂಪು ಓಕ್ ಮರ. ಅಲ್ಲಿ ಗೈಡ್ ಆಗಿದ್ದ ಹಿರಿಯರು ಯುದ್ಧದಿಂದ ವಾಪಸ್ ಬಂದವರೇ. ಮಾತು ಮುಗಿಸಿ ಹೊರಡುವಾಗ ಒಂದು ಮಾತು ಸೇರಿಸಿದರು: 366 ಅನ್ನುವ ಲೆಕ್ಕ ನಮಗೆ ಇಲ್ಲಿ ಬರುವುದಕ್ಕೆ ಮೊದಲೇ ಗೊತ್ತಿತ್ತು, ಗಾಜಿನ ಜಾಡಿಯಲ್ಲಿ.

ಯಾವ ಜಾಡಿ? ಆ ರಾತ್ರಿ ಮನೆಗೆ ಬಂದು ಓದಿದೆ.

1969ರ ಡಿಸೆಂಬರ್ 1. ವಾಷಿಂಗ್ಟನ್‌ನಲ್ಲಿ ಸೆಲೆಕ್ಟಿವ್ ಸರ್ವಿಸ್ ಕಚೇರಿ, ಅಂದರೆ ಡ್ರಾಫ್ಟ್ ನಡೆಸುವ ಸರ್ಕಾರಿ ಕಚೇರಿ. ಯಾರನ್ನು ಮೊದಲು ಕರೆಯಬೇಕು ಅನ್ನುವುದಕ್ಕೆ ಲಾಟರಿ. ಒಂದು ದೊಡ್ಡ ಗಾಜಿನ ಜಾಡಿಯಲ್ಲಿ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು. ಪ್ರತಿ ಗುಳಿಗೆಯೊಳಗೆ ಒಂದು ತಾರೀಕು. 1944ರಿಂದ 1950ರ ಒಳಗೆ ಹುಟ್ಟಿದ ಗಂಡಸರ ಹಣೆಬರಹ ಅದರಲ್ಲಿ. ಅಲೆಕ್ಸಾಂಡರ್ ಪರ್ನಿ ಅನ್ನುವ ಸಂಸದರು ಮೊದಲ ಗುಳಿಗೆ ಎತ್ತಿದರು. ಸೆಪ್ಟೆಂಬರ್ 14. ಆ ದಿನ ಹುಟ್ಟಿದವರೆಲ್ಲ ನಂಬರ್ 1, ಸೇನೆಗೆ ಮೊದಲ ಕರೆ ಅವರಿಗೆ. ಕೊನೆಗೆ ಉಳಿದದ್ದು ಜೂನ್ 8, ನಂಬರ್ 366. ದೇಶಕ್ಕೆ ದೇಶವೇ ಟಿವಿ, ರೇಡಿಯೋ ಮುಂದೆ ಕೂತಿತ್ತು. ಮುಂದಿನ ವರ್ಷ 195ನೇ ನಂಬರ್‌ವರೆಗೆ ಕರೆ ಹೋಯಿತು. 196 ಬಿದ್ದವನು ಬಚಾವ್.

ನಮ್ಮಮ್ಮ ಬೀದಿಯ ಹೆಂಗಸರನ್ನು ಸೇರಿಸಿಕೊಂಡು ಚೀಟಿ ನಡೆಸುತ್ತಿದ್ದರು. ಹಾರ್ಲಿಕ್ಸ್ ಬಾಟಲಿಗೆ ಚೀಟಿ ಹಾಕಿ, ಕುಲುಕಿ, ಯಾವುದಾದರೂ ಮಗುವಿನ ಕೈಲಿ ಎತ್ತಿಸುವುದು. "ಸರಿಯಾಗಿ ಕುಲುಕಲಿಲ್ಲ" ಅಂತ ತಿಂಗಳಿಗೊಂದು ಜಗಳ. ನಂಬಿದರೆ ನಂಬಿ, ವಾಷಿಂಗ್ಟನ್‌ನಲ್ಲೂ ಅದೇ ಜಗಳ ಆಯಿತು! ಗುಳಿಗೆಗಳನ್ನು ಜನವರಿಯಿಂದ ತಿಂಗಳ ಪ್ರಕಾರ ಹಾಕುತ್ತಾ ಹೋಗಿದ್ದರು, ಚೆನ್ನಾಗಿ ಬೆರೆಸಿರಲಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಹುಟ್ಟಿದವರಿಗೆ ಸಣ್ಣ ನಂಬರ್ ಜಾಸ್ತಿ ಬಿತ್ತು. ಲೆಕ್ಕಶಾಸ್ತ್ರದವರು ಗಲಾಟೆ ಎಬ್ಬಿಸಿದರು. ಮುಂದಿನ ಸಲ ತಾರೀಕಿಗೊಂದು, ನಂಬರಿಗೊಂದು ಅಂತ ಎರಡು ಡ್ರಮ್ ಇಟ್ಟರು. ಅಷ್ಟರಲ್ಲಿ ಡಿಸೆಂಬರ್ ಹುಡುಗರು ಹೋಗಿಯಾಗಿತ್ತು.

ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಅಂತ ಒಂದಿದೆ, ಹಳೆಯ ಸೈನಿಕರ ಮಾತು ಸಂಗ್ರಹಿಸಿ ಇಡುವುದಕ್ಕೆ 2000ರಲ್ಲಿ ಕಾನೂನು ಮಾಡಿ ಶುರು ಮಾಡಿದ್ದು. ನಾನು ರೆಕಾರ್ಡ್ ಮಾಡುವುದು ಅದಕ್ಕೆ. ಪತ್ರಕರ್ತರೇ ಆಗಬೇಕಿಲ್ಲ, ಯಾರು ಬೇಕಾದರೂ ರೆಕಾರ್ಡ್ ಮಾಡಿ ಕಳಿಸಬಹುದು. ಮಾತು ಕನಿಷ್ಠ 30 ನಿಮಿಷ ಇರಬೇಕು, ಎಲ್ಲೂ ಕತ್ತರಿಸಬಾರದು. ಜೊತೆಗೆ ಅವರ ವಿವರದ ಫಾರಂ, ಅವರ ಒಪ್ಪಿಗೆ, ನನ್ನ ಒಪ್ಪಿಗೆ. ಅಷ್ಟೇ.

ಕತ್ತರಿಸಬಾರದು ಅನ್ನುವುದೇ ನನಗೆ ಮೊದಲ ಪಾಠ ಕಲಿಸಿತು. ಮೊದಲ ರೆಕಾರ್ಡಿಂಗ್ ಅಡುಗೆಮನೆಯ ಮೇಜಿನ ಹತ್ತಿರ ಮಾಡಿದ್ದೆ. ಮನೆಗೆ ಬಂದು ಕೇಳಿದರೆ ಪೂರ್ತಿ ಫ್ರಿಜ್ಜಿನ ಗುಂಯ್ ಸದ್ದು. ಈಗ ಅವರ ಅನುಮತಿ ಕೇಳಿ ಫ್ರಿಜ್ ಆಫ್ ಮಾಡುತ್ತೇನೆ, ನನ್ನ ಕಾರಿನ ಕೀ ಅದರೊಳಗೇ ಇಡುತ್ತೇನೆ. ಹೊರಡುವಾಗ ಕೀ ಬೇಕಲ್ಲ, ಆಗ ಫ್ರಿಜ್ ಆನ್ ಮಾಡುವುದು ಮರೆಯುವುದಿಲ್ಲ. ಇದು ನನ್ನ ಬುದ್ಧಿಯಲ್ಲ, ಸೌಂಡ್ ರೆಕಾರ್ಡಿಂಗ್ ಮಾಡುವವರು ಹಿಂದಿನಿಂದ ಮಾಡಿಕೊಂಡು ಬಂದ ಉಪಾಯ.

ಎರಡನೆಯ ತೊಂದರೆ ನಾನೇ. ನಮ್ಮ ಕಡೆ ಯಾರಾದರೂ ಕಥೆ ಹೇಳುತ್ತಿದ್ದರೆ ಹೂಂಗುಟ್ಟಬೇಕು. ಇಲ್ಲದಿದ್ದರೆ ಅಜ್ಜಿ "ನಿದ್ದೆ ಬಂತೇನೋ?" ಅಂತ ತಿವಿಯುತ್ತಿದ್ದರು. ಆ ಅಭ್ಯಾಸ ಬಿಟ್ಟಿಲ್ಲ. ರೆಕಾರ್ಡಿಂಗ್‌ನಲ್ಲಿ ಅವರ ಮಾತಿನ ಮೇಲೆಲ್ಲ ನನ್ನ "ಹೂಂ, ಹೂಂ". ಅವರು ಗಂಟಲು ಕಟ್ಟಿ ಸುಮ್ಮನಾದ ಕಡೆಯೂ ಒಂದು "ಹೂಂ". ಕೇಳಿ ನನಗೇ ನಾಚಿಕೆಯಾಯಿತು. ಈಗ ಬಾಯಿ ಮುಚ್ಚಿಕೊಂಡು ತಲೆ ಆಡಿಸುತ್ತೇನೆ. ಅವರು ಸುಮ್ಮನಾದರೆ ನಾನೂ ಸುಮ್ಮನೆ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತೇನೆ. ಎಷ್ಟೋ ಸಲ ಹನ್ನೆರಡಕ್ಕೋ ಹದಿಮೂರಕ್ಕೋ ಅವರೇ ಮತ್ತೆ ಶುರು ಮಾಡುತ್ತಾರೆ. ಒಳ್ಳೆಯ ಮಾತೆಲ್ಲ ಬಂದಿರುವುದು ಹಾಗೆಯೇ.

ಇನ್ನು ನನ್ನ ಇಂಗ್ಲಿಷ್. ಹಿಯರಿಂಗ್ ಏಡ್ ಹಾಕಿಕೊಂಡವರಿಗೆ ನಮ್ಮ ಉಚ್ಚಾರಣೆ ಅರ್ಧ ಕೇಳುವುದಿಲ್ಲ, ಅರ್ಧ ತಿಳಿಯುವುದಿಲ್ಲ. ಅದಕ್ಕೆ ಪ್ರಶ್ನೆಗಳನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಒಂದು ವಾರ ಮೊದಲೇ ಕೊಡುತ್ತೇನೆ. ಯಾವ ಕಿವಿ ಚೆನ್ನಾಗಿದೆ ಅಂತ ಕೇಳಿ ಆ ಕಡೆ ಕೂರುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹೋಗುತ್ತೇನೆ, ಊಟದ ನಂತರ ಅವರಿಗೆ ಮಂಪರು. ಅವರ ಡಿಡಿ-214 ಅನ್ನುವ ಬಿಡುಗಡೆ ಪತ್ರವನ್ನು ಮೊದಲು ನೋಡುತ್ತೇನೆ. ಸೇರಿದ ದಿನ, ಬಿಟ್ಟ ದಿನ, ಪದಕ ಎಲ್ಲ ಅದರಲ್ಲಿರುತ್ತದೆ. (ಇದನ್ನು ಹೇಳಿದಾಗ ಅಪ್ಪನಿಗೆ ಮತ್ತೆ ಬ್ಯಾಂಕ್ ಡಿಡಿ ನೆನಪಾಯಿತು.) ಕೊರಿಯಾ ಯುದ್ಧದ ಕಾಲದವರ ಕಾಗದಕ್ಕೆ ಮಾತ್ರ ಪರದಾಡಬೇಕು. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಕೋಟಿಗೂ ಮೀರಿ ಕಡತ ಸುಟ್ಟುಹೋದವು. ಅವರ ಮನೆಯ ಟ್ರಂಕಿನಲ್ಲಿ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೊಡ್ಡ ತಪ್ಪು ಮಾಡಿದ್ದು ಮಾತಿನಲ್ಲಿ. ಇಲ್ಲಿ ಸೈನಿಕರನ್ನು ಕಂಡರೆ "ನಿಮ್ಮ ಸೇವೆಗೆ ಧನ್ಯವಾದ" ಅನ್ನುವುದು ರೂಢಿ. ನಾನೂ ಬಾಗಿಲಲ್ಲೇ ಅಂದೆ. ಆ ಹಿರಿಯರು ನಕ್ಕರು. ತಾನು ಸೇವೆ ಮಾಡಲು ಹೋಗಿರಲಿಲ್ಲ, ತನ್ನನ್ನು ಎಳೆದುಕೊಂಡು ಹೋದರು ಅಂದರು. ಹತ್ತೊಂಬತ್ತನೇ ವಯಸ್ಸಿಗೆ ಮನೆಗೆ ಕಾಗದ ಬಂತಂತೆ. ಮೇಲೆ ಬರೆದಿದ್ದ ಮೊದಲ ಪದ "ಗ್ರೀಟಿಂಗ್". ಶುಭಾಶಯ ಹೇಳಿ ಕರೆದುಕೊಂಡು ಹೋದರು ನೋಡು, ಅಂದರು. ನ್ಯೂಜೆರ್ಸಿಯ ಸೇನಾ ನೆಲೆ ಫೋರ್ಟ್ ಡಿಕ್ಸ್‌ನಲ್ಲಿ ತರಬೇತಿ, ಆಮೇಲೆ ವಿಯೆಟ್ನಾಂನಲ್ಲಿ ಹನ್ನೆರಡು ತಿಂಗಳು. ಒಂದೊಂದು ದಿನವನ್ನೂ ಕ್ಯಾಲೆಂಡರಿನಲ್ಲಿ ಹೊಡೆದು ಹಾಕುತ್ತಿದ್ದರಂತೆ. ವಾಪಸ್ ಬಂದಾಗ ಯಾರೂ ಏನೂ ಕೇಳಲಿಲ್ಲ. ಅವರವರು ಸಿಕ್ಕಾಗ ಹೇಳಿಕೊಳ್ಳುವ ಮಾತು "ವೆಲ್ಕಮ್ ಹೋಮ್". ಐವತ್ತು ವರ್ಷ ಕಳೆದ ಮೇಲೂ ಅದೇ. ಈಗ ನಾನು ಬಾಗಿಲಲ್ಲಿ ಧನ್ಯವಾದ ಹೇಳುವುದಿಲ್ಲ. ಕೂತ ಮೇಲೆ ಕೇಳುವ ಮೊದಲ ಪ್ರಶ್ನೆ, "ನಿಮ್ಮ ನಂಬರ್ ಎಷ್ಟಿತ್ತು?"

ಆ ಜಾಡಿಯ ಲಾಟರಿಯಲ್ಲಿದ್ದವರಿಗೆಲ್ಲ ಬಾಯಿಪಾಠ. ಹೆಂಡತಿಯ ಫೋನ್ ನಂಬರ್ ಮರೆತವರಿಗೂ ಅದು ನೆನಪಿದೆ. ಆ ರಾತ್ರಿ ಎಲ್ಲಿದ್ದರು, ಪಕ್ಕದಲ್ಲಿ ಯಾರಿದ್ದರು, ಯಾರು ಮೊದಲು ಅತ್ತರು, ಎಲ್ಲ ಬರುತ್ತದೆ. ಯುದ್ಧದ ವಿಷಯ ನಾನು ಕೇಳುವುದೇ ಇಲ್ಲ, ಅವರಾಗಿ ಅಲ್ಲಿಗೆ ಹೋಗುತ್ತಾರೆ, ಅಥವಾ ಹೋಗುವುದಿಲ್ಲ. ಯಾರನ್ನಾದರೂ ಕೊಂದಿರಾ ಅನ್ನುವ ಪ್ರಶ್ನೆ ನನ್ನ ಪಟ್ಟಿಯಲ್ಲಿಲ್ಲ. ಅದನ್ನು ಕೇಳುವ ಹಕ್ಕು ನನಗೆ ಇದೆ ಅಂತ ಅನ್ನಿಸಿಲ್ಲ.

ಅವರ ಬಾಯಿಂದ ಕೇಳಿದ ಮೇಲೆ ಪುಸ್ತಕದ ಅಂಕಿಗಳೂ ಬೇರೆ ಥರ ಕಾಣತೊಡಗಿದವು. ವಿಯೆಟ್ನಾಂಗೆ ಹೋದವರಲ್ಲಿ ಹೆಚ್ಚಿನವರು ತಾವಾಗಿ ಸೇರಿದವರು ಅಂತ ಎಲ್ಲ ಕಡೆ ಓದುತ್ತೀರಿ. ಲೆಕ್ಕ ಸರಿ. ಆದರೆ ಸಣ್ಣ ನಂಬರ್ ಬಿದ್ದವನು ಏನು ಮಾಡುತ್ತಿದ್ದ? ಕರೆ ಬರುವ ಮೊದಲೇ ಓಡಿಹೋಗಿ ನೌಕಾಪಡೆಗೋ ವಾಯುಪಡೆಗೋ ಹೆಸರು ಕೊಡುತ್ತಿದ್ದ. ಕಾಡಿನಲ್ಲಿ ಬಂದೂಕು ಹಿಡಿಯುವುದಕ್ಕಿಂತ ಹಡಗು ವಾಸಿ ಅಂತ. ಅವನನ್ನು ಸ್ವಂತ ಇಷ್ಟದಿಂದ ಸೇರಿದವನು ಅನ್ನಬಹುದಾ? ಕಾಲೇಜಿನಲ್ಲಿದ್ದವರಿಗೆ 2-ಎಸ್ ಅನ್ನುವ ವಿನಾಯಿತಿ ಇತ್ತು. ಓದಲು ದುಡ್ಡಿದ್ದವರ ಮಕ್ಕಳು ಹಾಗೆ ಮುಂದೆ ಹಾಕಿದರು. ಇದು ನಮ್ಮವರಿಗೂ ತಟ್ಟುವ ಮಾತು. 1965ರ ವಲಸೆ ಕಾನೂನಿನ ನಂತರ ಗ್ರೀನ್ ಕಾರ್ಡ್ ಹಿಡಿದು ಬಂದ ಹುಡುಗರೂ ವಯಸ್ಸಿನೊಳಗಿದ್ದರೆ ಡ್ರಾಫ್ಟ್‌ಗೆ ಹೆಸರು ಕೊಡಬೇಕಿತ್ತು.

ದೊಡ್ಡ ನಂಬರ್ ಬಿದ್ದು ಉಳಿದುಕೊಂಡವರೂ ಇದ್ದಾರೆ. ನಮ್ಮ ಬೀದಿಯಲ್ಲೇ ಒಬ್ಬರು. ಅವರ ನಂಬರ್ ಮುನ್ನೂರರ ಮೇಲೆ. ಎದುರು ಮನೆಯ ಗೆಳೆಯನದು ಇಪ್ಪತ್ತರ ಒಳಗೆ. ಗೆಳೆಯನ ಹೆಸರು ಈಗ ಹೋಮ್‌ಡೆಲ್‌ನ ಕಲ್ಲಿನ ಮೇಲಿದೆ. ಇವರು ವರ್ಷಕ್ಕೊಮ್ಮೆ ಆ ಫಲಕದ ಮುಂದೆ ನಿಂತು ಬರುತ್ತಾರೆ. ಪ್ರಾಜೆಕ್ಟಿನವರು ಸಮವಸ್ತ್ರ ಹಾಕಿದವರ ಮಾತು ತೆಗೆದುಕೊಳ್ಳುತ್ತಾರೆ, ಇವರದ್ದಲ್ಲ. ಹೋಗುವುದಿಲ್ಲ ಅಂತ ನಿರಾಕರಿಸಿ ಜೈಲಿಗೆ ಹೋದವರದ್ದೂ ಅಲ್ಲ, ಕೆನಡಾಕ್ಕೆ ಹೋದವರದ್ದೂ ಅಲ್ಲ. ಅದು ಅವರ ನಿಯಮ, ಸರಿ. ಆದರೆ ಆ ಕಾಲದ ಕಥೆ ಅರ್ಧ ಇವರ ಹತ್ತಿರವೇ ಇದೆ ಅಂತ ನನ್ನ ಅಭಿಪ್ರಾಯ. ಇವರ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಪ್ರತಿ ಮಾರ್ಚ್ 29 ಇಲ್ಲಿ ವಿಯೆಟ್ನಾಂ ಸೈನಿಕರ ದಿನ. 1973ರಲ್ಲಿ ಕೊನೆಯ ಅಮೆರಿಕನ್ ಯುದ್ಧಪಡೆ ಅಲ್ಲಿಂದ ಹೊರಟ ದಿನ ಅದು. ಆಗ ಕೋಟಿಗೆ ಚುಚ್ಚಿಕೊಳ್ಳುವ ಒಂದು ಸಣ್ಣ ಪಿನ್ ಕೊಡುತ್ತಾರೆ. 1955ರ ನವೆಂಬರ್ 1ರಿಂದ 1975ರ ಮೇ 15ರ ಒಳಗೆ ಸೇನೆಯಲ್ಲಿ ಸಕ್ರಿಯವಾಗಿದ್ದವರಿಗೆಲ್ಲ, ಎಲ್ಲಿದ್ದರೂ ಸರಿ. ಡ್ರಾಫ್ಟ್ ಆಗಿ ಜರ್ಮನಿಗೆ ಹೋಗಿದ್ದ ಒಬ್ಬರು ಪಿನ್ ಮುಟ್ಟಲಿಲ್ಲ. ತನಗೆ ಇದು ಸಲ್ಲದು, ತಾನು ಅಲ್ಲಿ ಲಾರಿ ಓಡಿಸಿಕೊಂಡಿದ್ದೆ ಅಂದರು. ಎಲ್ಲಿಗೆ ಹೋಗಬೇಕು ಅಂತ ನಿಮ್ಮನ್ನು ಕೇಳಿದ್ದರಾ ಅಂದೆ. ಇಲ್ಲ ಅಂದರು. ಎರಡು ನಿಮಿಷ ಬಿಟ್ಟು, ಅವರ ಹೆಂಡತಿಯೇ ಪಿನ್ ತೆಗೆದುಕೊಂಡು ಅವರ ಕೋಟಿಗೆ ಚುಚ್ಚಿದರು.

ಒಂದು ಸಂಕಟ ಇದೆ. ಒಬ್ಬ ಹಿರಿಯರು ಗುರುವಾರ ಬಾ ಅಂದಿದ್ದರು. ನನಗೆ ಆಫೀಸಿನಲ್ಲಿ ರಿಲೀಸ್ ಇತ್ತು. ಎರಡು ವಾರ ಮುಂದೆ ಹಾಕಿದೆ. ಹತ್ತನೇ ದಿನ ಅವರ ಮಗಳ ಫೋನ್ ಬಂತು. ನಾನು ಕಳಿಸಿದ್ದ ಪ್ರಶ್ನೆಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಉತ್ತರ ಬರೆಯಲು ಶುರು ಮಾಡಿದ್ದರಂತೆ. ಮೂರನೇ ಪ್ರಶ್ನೆಯವರೆಗೆ ಬರೆದಿದ್ದಾರೆ. ಆ ಹಾಳೆ ನನ್ನ ಹತ್ತಿರ ಇದೆ. ಆ ರಿಲೀಸ್‌ನಲ್ಲಿ ಏನಿತ್ತು ಅಂತ ನೆನಪಿಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಮನೆಯಲ್ಲಿ ಕೂತು ಬೇಜಾರು ಅಂತ ಒಂದು ಶನಿವಾರ ನನ್ನ ಜೊತೆ ಹೊರಟರು. ರೆಕಾರ್ಡಿಂಗ್ ಮುಗಿಯುವವರೆಗೆ ಮೂಲೆಯ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರು. ಆ ಮನೆಯ ಹಿರಿಯರು 1948ರಲ್ಲಿ ಹುಟ್ಟಿದವರು, ಅಪ್ಪನ ವಾರಗೆ. ಕ್ಯಾಮೆರಾ ಆಫ್ ಆದ ಮೇಲೆ ಅವರು ಡ್ರಾಯರಿನಿಂದ 1969ರ ನಂಬರ್ ಪಟ್ಟಿ ತೆಗೆದು ಅಪ್ಪನ ಹುಟ್ಟಿದ ದಿನ ಕೇಳಿದರು.

ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ "ಯಾವುದು ಹೇಳಲಿ? ಮೇಷ್ಟ್ರು ಬರೆದಿದ್ದಾ, ಜಾತಕದ್ದಾ?" ಅಂದರು.

ಇದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಐದು ನಿಮಿಷ ಬೇಕಾಯಿತು. ಜೂನ್‌ನಲ್ಲಿ ಶಾಲೆ ಶುರು, ಅಷ್ಟರಲ್ಲಿ ವಯಸ್ಸು ತುಂಬಿರಬೇಕು, ಹಾಗಾಗಿ ಮೇಷ್ಟ್ರು ಎಲ್ಲ ಮಕ್ಕಳಿಗೂ ಜೂನ್ 1 ಅಂತ ಬರೆದುಬಿಟ್ಟರು. ಅವರಿಗೆ ನಂಬಿಕೆಯೇ ಬರಲಿಲ್ಲ. ಪಟ್ಟಿಯ ಮೇಲೆ ಬೆರಳಾಡಿಸಿದರು. ಜೂನ್ 1, 249. ಬಚಾವ್ ಅನ್ನುವ ಹಾಗೆ ಅಪ್ಪನ ಭುಜ ತಟ್ಟಿದರು.

ಜಾತಕದಲ್ಲಿರುವುದು ಸೆಪ್ಟೆಂಬರ್ 6. ಬೆರಳು ಸೆಪ್ಟೆಂಬರಿನ ಸಾಲಿಗೆ ಹೋಯಿತು. ನಂಬರ್ 6.

ಅವರು ಪಟ್ಟಿ ಮಡಚಿದರು. ಅಪ್ಪ ನನ್ನ ಕಡೆ ತಿರುಗಿ, "ಇವರದ್ದು ಎಷ್ಟಿತ್ತಂತೆ ಕೇಳು" ಅಂದರು. ನನಗೆ ಗೊತ್ತಿತ್ತು, ರೆಕಾರ್ಡಿಂಗ್‌ನಲ್ಲಿ ಹೇಳಿದ್ದರು. ಆದರೂ ಕೇಳಿದೆ.