ತಪಾಸಣೆಗೆ ಯಾರು ಹೋದರು? ದತ್ತಾಂಶದಲ್ಲಿ ಹುಡುಕಿದ ನನ್ನ ಅನುಭವ

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಯಾವ ಹೆಂಗಸರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂದು ತಿಳಿಯಲು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ದತ್ತಾಂಶ ಹಿಡಿದು ಕುಳಿತೆ. ಓದು, ವಯಸ್ಸು, ಮನೆಯ ಆಸ್ತಿಪಾಸ್ತಿ, ಹಳ್ಳಿಯೋ ನಗರವೋ, ಯಾವ ರಾಜ್ಯ ಎಂಬ ಅಂಕಣಗಳಿಂದ ಒಂದು ನಿರ್ಧಾರ ವೃಕ್ಷ ಕಟ್ಟಿದೆ. ಒಂದೊಂದು ಕವಲಿನಲ್ಲೂ ಹೌದು-ಅಲ್ಲ ಎಂಬ ಪ್ರಶ್ನೆ ಕೇಳುತ್ತಾ, ಈಕೆ ತಪಾಸಣೆಗೆ ಹೋಗಿದ್ದಾಳೋ ಇಲ್ಲವೋ ಎಂದು ಊಹಿಸುವ ಕಂಪ್ಯೂಟರ್ ಮಾದರಿ ಅದು. ಮೊದಲ ಸಲಕ್ಕೇ ಶೇ 98ರಷ್ಟು ನಿಖರತೆ ಬಂತು. ಬಿಡಿಸಿ ನೋಡಿದರೆ ಅದು ಎಲ್ಲರಿಗೂ ‘ಹೋಗಿಲ್ಲ’ ಎಂದೇ ಬರೆದಿತ್ತು. 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9 ಮಾತ್ರ. ನೂರರಲ್ಲಿ ಆ ಇಬ್ಬರನ್ನು ಹುಡುಕಲೆಂದೇ ನಾನು ಹೊರಟದ್ದು, ಒಬ್ಬರೂ ಸಿಕ್ಕಿರಲಿಲ್ಲ.

ಹೋದವರಿಗೆ ಹೆಚ್ಚು ತೂಕ ಕೊಟ್ಟೆ, ಅಂದರೆ ಅವರನ್ನು ಗುರುತಿಸದೆ ಬಿಟ್ಟರೆ ಅದು ದೊಡ್ಡ ತಪ್ಪೆಂದು ಲೆಕ್ಕಕ್ಕೆ ಬರುವಂತೆ ಮಾಡಿದೆ. ನಿಖರತೆಯನ್ನು ಬದಿಗಿಟ್ಟು, ನಿಜವಾಗಿ ಹೋದವರಲ್ಲಿ ಎಷ್ಟು ಮಂದಿಯನ್ನು ವೃಕ್ಷ ಗುರುತಿಸಿತು ಎಂಬುದನ್ನೇ ಅಳೆದೆ. ದತ್ತಾಂಶದ ಒಂದು ಭಾಗದಿಂದ ವೃಕ್ಷ ಕಲಿಯುತ್ತದೆ, ಇನ್ನೊಂದು ಭಾಗದಲ್ಲಿ ಅದರ ಊಹೆಯನ್ನು ಒರೆಗೆ ಹಚ್ಚುತ್ತೇವೆ; ಒಂದೇ ಊರಿನವರು ಈ ಎರಡೂ ಭಾಗಗಳಿಗೆ ಹಂಚಿಹೋದರೆ ಫಲಿತಾಂಶ ಸುಮ್ಮನೆ ಉಬ್ಬುತ್ತದೆ. ಹಾಗಾಗಿ ಒಂದೊಂದು ಊರನ್ನೂ ಇಡಿಯಾಗಿ ಒಂದೇ ಕಡೆ ಇಟ್ಟೆ.

ಈಗ ಮೊದಲ ಕವಲು ‘ರಾಜ್ಯ 31.5ಕ್ಕಿಂತ ಹೆಚ್ಚೇ?’ ಎಂದಿತ್ತು. ತಪ್ಪು ನನ್ನದೇ. ಕರ್ನಾಟಕ 29, ಕೇರಳ 32, ತಮಿಳುನಾಡು 33 ಎಂಬ ಗುರುತಿನ ಸಂಖ್ಯೆಗಳನ್ನು ಅಳತೆಯ ಹಾಗೆ ಕೊಟ್ಟುಬಿಟ್ಟಿದ್ದೆ. ಪ್ರತಿ ರಾಜ್ಯಕ್ಕೂ ಬೇರೆ ಅಂಕಣ ಮಾಡಿದ ಮೇಲೂ ಬುಡದ ಕವಲು ಓದಿನದಾಗಲಿಲ್ಲ, ಸಿರಿವಂತಿಕೆಯದೂ ಆಗಲಿಲ್ಲ, ‘ತಮಿಳುನಾಡೇ?’ ಎಂದಾಯಿತು. ಅಲ್ಲಿ ಇದೇ ಪ್ರಮಾಣ ಶೇ 9.8. ತೇಣಿ, ತಂಜಾವೂರು ಜಿಲ್ಲೆಗಳಲ್ಲಿ 2007ರಲ್ಲೇ ಸರ್ಕಾರ ಪ್ರಾಯೋಗಿಕವಾಗಿ ತಪಾಸಣೆ ಆರಂಭಿಸಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿಸಿತ್ತು.

ನನ್ನ ಕರಡು ವರದಿಯಲ್ಲಿ ‘ಮಹಿಳೆಯರಲ್ಲಿ ಅರಿವಿನ ಕೊರತೆ’ ಎಂಬ ಮಾತು ಮತ್ತೆ ಮತ್ತೆ ಬಂದಿತ್ತು. ಅದನ್ನು ಹೊಡೆದುಹಾಕಿದೆ. ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದು ನೋಡುವ ಪರೀಕ್ಷೆ ಇದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಾದ ನರ್ಸ್ ಇದ್ದರೆ ಸಾಕು. ಅಲ್ಲಿ ಆ ನರ್ಸ್ ಇಲ್ಲದಿದ್ದರೆ ಹೆಣ್ಣುಮಗಳು ಹೋಗುವುದಾದರೂ ಎಲ್ಲಿಗೆ? ಈ ಮಾತನ್ನು ಯಾರೊಂದಿಗೆ ಬೇಕಾದರೂ ಗಟ್ಟಿಯಾಗಿ ವಾದಿಸಬಲ್ಲೆ.

ಆದರೆ ವೃಕ್ಷ ತನಗೆ ಕೊಟ್ಟ ಅಂಕಣಗಳ ಆಚೆ ನೋಡಲಾರದು. ನನಗೆ ಬೇಕಿದ್ದ ಒಂದು ಉತ್ತರ ನಾನು ಕೊಟ್ಟ ಅಂಕಣಗಳಲ್ಲಿ ಇರಲೇ ಇಲ್ಲ. ಈಗ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಒಯ್ಯುತ್ತಿರುವ ಪ್ರಶ್ನಾವಳಿಯಲ್ಲಿ ಅದನ್ನೇ ಮೊದಲು ಕೇಳುತ್ತೇವೆ: ‘ಅಕ್ಕಾ, ಈ ಪರೀಕ್ಷೆಗೆ ಬನ್ನಿ ಎಂದು ನಿಮ್ಮನ್ನು ಯಾರಾದರೂ ಕರೆದಿದ್ದರೇ?’