ಬಕೆಟ್ಟಿನ ತುಳಸಿಕಟ್ಟೆ

ಧಾರವಾಡದ ಮನೆಯಲ್ಲಿ ಕೂತು ಕಸೂತಿ ಹಾಕತೊಡಗಿ ಹನ್ನೊಂದು ವರ್ಷವಾಯಿತು. ಮೊದಲ ಆರು ವರ್ಷ ನನ್ನದೆನ್ನುವ ಒಂದು ಹೂವನ್ನೂ ಹಾಕಿರಲಿಲ್ಲ. ಅದಕ್ಕೆ ನಾಚಿಕೆಯೂ ಇರಲಿಲ್ಲ. ಗೋಪುರ, ತೇರು, ಆನೆ, ಪಲ್ಲಕ್ಕಿ ಯಾರಪ್ಪನ ಸ್ವತ್ತೂ ಅಲ್ಲವಲ್ಲ. ಸೋದರತ್ತೆಯ ಹಳೆಯ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಸೆರಗನ್ನು ಮಡಿಲಲ್ಲಿ ಹರವಿಕೊಂಡು, ಎಳೆ ಎಣಿಸಿ, ಗ್ರಾಫ್ ಹಾಳೆಗೆ ಇಳಿಸಿಕೊಂಡೇ ಕಲಿತವಳು ನಾನು. ಕಸೂತಿಯ ಗವಂತಿ ಎಂಬ ಬಗೆಯಲ್ಲಿ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು. ಗಂಟು ಹಾಕುವಂತಿಲ್ಲ, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಈ ಹೋಗಿಬರುವ ದಾರಿ ಕೈಗೆ ಹತ್ತಬೇಕಾದರೆ ನಕಲು ಮಾಡದೆ ಬೇರೆ ಉಪಾಯವಿಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಗಿರಾಕಿಯೊಬ್ಬರು ಮೊಬೈಲಿನಲ್ಲಿ ಚಿತ್ರ ತೋರಿಸಿ, "ಹೀಗೇ ಬೇಕು" ಎಂದರು. ಸಾಲಾಗಿ ನವಿಲುಗಳು, ನಡುನಡುವೆ ಒಂದೊಂದು ಪುಟ್ಟ ಏಣಿ. ಹಾಕಿಕೊಟ್ಟೆ, ಹಣ ಎಣಿಸಿಕೊಂಡೆ. ಕೆಲವು ತಿಂಗಳ ಮೇಲೆ ಆ ಏಣಿಯನ್ನು ಮೊದಲು ಹಾಕಿದ ಹೆಣ್ಣುಮಗಳೇ ಫೋನ್ ಮಾಡಿದರು. ಬೈಯಲಿಲ್ಲ. "ಏಣಿಗೆ ಐದೇ ಮೆಟ್ಟಿಲು ಏಕೆ ಹಾಕಿದಿರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ತವರುಮನೆಯ ಅಟ್ಟದ ಏಣಿಗೆ ಐದೇ ಮೆಟ್ಟಿಲಂತೆ.

ಈಗ ಹಳೆಯ ಸೀರೆಯದ್ದಾದರೆ ಧಾರಾಳವಾಗಿ ಎಣಿಸಿಕೊಳ್ಳುತ್ತೇನೆ. ಬದುಕಿರುವವರ ಕೈಯದ್ದಾದರೆ ಕೇಳುತ್ತೇನೆ, ಇಲ್ಲವೇ ಕಣ್ತುಂಬ ನೋಡಿ ಸುಮ್ಮನಾಗುತ್ತೇನೆ. ಹೊಸದನ್ನು ಹಾಕುವಾಗ ಮಾತ್ರ, ನೋಡಿದ್ದನ್ನು ಮತ್ತೆ ನೋಡದೆ ನಾಲ್ಕು ದಿನ ಬಿಟ್ಟು ನೆನಪಿನಿಂದ ಬರೆಯುತ್ತೇನೆ. ಮರೆತ ಜಾಗಕ್ಕೆ ನಮ್ಮ ಮನೆಯ ಸಾಮಾನು ಬಂದು ಕೂರುತ್ತದೆ.

ತುಳಸಿಕಟ್ಟೆ ಹಾಗೆಯೇ ಆಯಿತು. ಸೆರಗಿನಲ್ಲಿದ್ದ ಕಟ್ಟೆಯ ಮೆಟ್ಟಿಲುಗಳು ಎಷ್ಟು ಎಂಬುದು ನೆನಪಾಗಲಿಲ್ಲ. ನಮ್ಮದು ಎರಡನೇ ಮಹಡಿ, ತುಳಸಿ ಇರುವುದು ಖಾಲಿಯಾದ ಪೇಂಟ್ ಬಕೆಟ್ಟಿನಲ್ಲಿ. ಅದನ್ನೇ ಹಾಕೋಣವೆಂದು ಕೂತೆ. ಕಸೂತಿಗೆ ಅಡ್ಡ, ಉದ್ದ, ಓರೆ ಗೊತ್ತು; ಬಾಗುವುದು ಗೊತ್ತಿಲ್ಲ. ಬಕೆಟ್ಟಿನ ಹಿಡಿಕೆಯೋ, ಬರೀ ಬಾಗು. ಮೂರು ಸಲ ಬಿಚ್ಚಿದೆ. ಕಡೆಗೆ ಮುರ್ಗಿ ಎಂಬ ಅಂಕುಡೊಂಕು ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ನೆತ್ತಿಯಲ್ಲಿ ಏಳು ಹೊಲಿಗೆ ನೇರವಾಗಿ ಓಡಿಸಿ, ಆಚೆ ಬದಿಗೆ ಇಳಿಸಿದೆ. ದೂರ ಹಿಡಿದು ನೋಡಿದರೆ ಹಿಡಿಕೆ ಹೋಗಿ ಗೋಪುರದ ತಲೆಯಾಗಿತ್ತು. ಆರು ವರ್ಷ ಎಣಿಸಿದ ಕೈ ಎಲ್ಲಿಗೆ ಹೋದೀತು!

ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಮೊದಲು ಬಟ್ಟೆ ಮಗುಚಿದರು.

"ಹಿಂಬದಿ ಚೊಕ್ಕವಾಗಿದೆ. ಇದು ಯಾವ ಊರಿನ ದೇವಸ್ಥಾನವೇ?"

"ಬಕೆಟ್ ಅತ್ತೆ, ನಮ್ಮ ತುಳಸಿದು."

ನಗುತ್ತಾರೆಂದುಕೊಂಡೆ. ಉಗುರಿನ ತುದಿಯಿಂದ ಎಳೆ ಎಣಿಸುತ್ತ ಸ್ವಲ್ಪ ಹೊತ್ತು ಕೂತರು. "ನೆತ್ತಿಗೆ ಏಳು ಸಾಲದು, ಒಂಬತ್ತು ಹಾಕು. ತುಳಸಿಗೆ ಉಸಿರಾಡಲು ಜಾಗ ಬೇಡವೇ?" ಎಂದರು.